ಚನ್ನರಾಯನದುರ್ಗಕ್ಕೆ ಮೂರು ಟ್ರಿಪ್ಪು

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಆರು ಗಂಟೆಗೆ ಹೆಗಲಿಗೊಂದು ಚೀಲ ಹಾಕಿಕೊಂಡು ನಿಂತ ಹುಡುಗನನ್ನು ಕಂಡರೆ ಜನಕ್ಕೆ ಎರಡೇ ಅನುಮಾನ. ಒಂದು, ಇವನು ಮೆಡಿಕಲ್ ರೆಪ್ಪು. ಎರಡು, ಮನೆ ಬಿಟ್ಟು ಓಡಿ ಬಂದವನು. ಸುಮ್ಮನೆ ಬೆಟ್ಟ ನೋಡಲು ಹೊರಟಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ.

"ಸುಮ್ನೆ ಅಂದ್ರೆ? ಮೇಲೆ ದೇವಸ್ಥಾನ ಐತಾ?"

"ಅದಕ್ಕೋಸ್ಕರ ಅಲ್ಲ."

"ಹರಕೆ ಏನಾರ?"

"ಇಲ್ಲ."

"ಶೂಟಿಂಗಾ?"

"ಅಲ್ಲಣ್ಣ."

"ಮತ್ಯಾಕ್ರೀ ಹೋಗ್ತೀರಾ?"

ಈ ಪ್ರಶ್ನೆಗೆ ಎಂಟು ವರ್ಷದಿಂದ ಉತ್ತರ ಹುಡುಕುತ್ತಾ ಇದ್ದೇನೆ ಸ್ವಾಮಿ, ಸಿಕ್ಕಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಅಲ್ಲಿ ಇಲ್ಲಿ ನಾಲ್ಕು ಪುಟ ಬರೆಯುತ್ತೇನೆ, ಬಂದ ದುಡ್ಡಿನಲ್ಲಿ ಬಸ್ ಹತ್ತುತ್ತೇನೆ. ಬರುವ ಚೆಕ್ಕು ಯಾವತ್ತೂ ಹೋಗುವ ಬಸ್ಸಿಗಿಂತ ಲೇಟು. ಹಾಗಾಗಿ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಬಸ್ ಚಾರ್ಜು ಇಷ್ಟು, ಟೀ ಇಷ್ಟು, ತಟ್ಟೆ ಇಡ್ಲಿ ಇಷ್ಟು, ಚಪ್ಪಲಿ ಹೊಲಿಸಿದ್ದು ಇಷ್ಟು. ಅದನ್ನು ಅಮ್ಮ ಕದ್ದು ಓದುತ್ತಾಳೆ ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ಹೆಣ್ಣು ಕೇಳಲು ಹೋದ ಕಡೆ "ಹುಡುಗ ಏನ್ ಮಾಡ್ತಾನೆ?" ಎಂದು ಕೇಳಿದರೆ ನಮ್ಮ ಸೋದರಮಾವ "ಪತ್ರಿಕೆಗೆ ಬರೀತಾನೆ" ಎಂದು ಹೇಳಿ ಮಾತು ಬದಲಿಸುತ್ತಾರೆ. ಒಂದು ಮನೆಯಲ್ಲಿ ಮಾತ್ರ ಹುಡುಗಿಯೇ ಒಳಗಿನಿಂದ, "ಅಂದ್ರೆ ಊರೂರು ತಿರುಗ್ತಾರಾ?" ಎಂದು ಕೇಳಿಬಿಟ್ಟಳು. ಆ ಸಂಬಂಧ ಕುದುರಲಿಲ್ಲ. ಆದರೂ ಆ ಹುಡುಗಿ ಜಾಣೆ ಕಣ್ರೀ, ಒಂದೇ ಮಾತಿನಲ್ಲಿ ಹಿಡಿದಳು!

ನಿಮ್ಮಲ್ಲೂ ತಿರುಗುವ ಹುಚ್ಚಿನವರು ಇದ್ದೇ ಇರುತ್ತೀರಿ. ನಮಗೆಲ್ಲ ಊರು ತೋರಿಸಿದ್ದು ಭೂಗೋಳದ ಮೇಷ್ಟರಲ್ಲ, ಸಿನಿಮಾ. 'ನಾಗರಹಾವು' (1972) ಬಂದು ಐವತ್ತು ವರ್ಷ ದಾಟಿದೆ. ಇವತ್ತಿಗೂ ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತವರಿಗೆ ಕಣ್ಣಿಗೆ ಕಟ್ಟುವುದು ಜಯಂತಿಯವರೇ. ಬಂಡೆ ಕಂಡ ಕಡೆ ರಾಮಾಚಾರಿಯ ಹಾಗೆ ಹತ್ತಿ ನಿಲ್ಲುವ ಆಸೆ. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದರೆ 'ಶೋಲೆ'ಯ (1975) ಗಬ್ಬರ್ ಎಲ್ಲಿ ನಿಂತಿದ್ದ ಎಂದು ಹುಡುಕುತ್ತೇವೆ. ಈಗ ಅದು ರಣಹದ್ದುಗಳ ಧಾಮ, ಕಂಡಕಂಡಲ್ಲಿ ನುಗ್ಗುವ ಹಾಗಿಲ್ಲ. 'ನಮ್ಮೂರ ಮಂದಾರ ಹೂವೆ' (1996) ಬಂದ ಮೇಲೆ ಯಾಣದ ಕಪ್ಪು ಬಂಡೆ ಇಡೀ ನಾಡಿಗೆ ಗೊತ್ತಾಯಿತು. 'ಮುಂಗಾರು ಮಳೆ' (2006) ಬಂದ ಮೇಲೆ ಜೋಗದಲ್ಲಿ ಮಳೆಯಲ್ಲಿ ನೆನೆಯುವುದೇ ಒಂದು ಫ್ಯಾಷನ್ನಾಯಿತು. ಈ ಎಲ್ಲ ಕಡೆಯೂ ಹೋಗಿ ಬಂದಿದ್ದೇನೆ. ಆದರೆ ಮೂರು ಸಲ ಹೋಗಿದ್ದು ಒಂದೇ ಜಾಗಕ್ಕೆ. ಆ ಬೆಟ್ಟವನ್ನು ನಾನು ಯಾವ ಸಿನಿಮಾದಲ್ಲೂ ನೋಡಿರಲಿಲ್ಲ.

ಅದೇ ಚನ್ನರಾಯನದುರ್ಗ. ತುಮಕೂರು ಜಿಲ್ಲೆ, ಕೊರಟಗೆರೆ ತಾಲ್ಲೂಕು. ಸುತ್ತಮುತ್ತಲ ಜನರ ಬಾಯಲ್ಲಿ 'ಸಿ.ಎನ್. ದುರ್ಗ'. ಬೆಂಗಳೂರಿನಿಂದ ಬರುವವರು ದಾಬಸ್‌ಪೇಟೆಯಲ್ಲಿ ಹೈವೇ ಬಿಟ್ಟು ಕೊರಟಗೆರೆ ದಾರಿ ಹಿಡಿಯಬೇಕು. ಮಧುಗಿರಿಯ ಏಕಶಿಲಾ ಬೆಟ್ಟ ಎಲ್ಲರಿಗೂ ಗೊತ್ತು. ಭಾನುವಾರ ಬಂತೆಂದರೆ ಅಲ್ಲಿ ಬೆಂಗಳೂರಿನ ಹುಡುಗರ ಜಾತ್ರೆ. ಅದೇ ಜನ ಪಕ್ಕದ ಚನ್ನರಾಯನದುರ್ಗವನ್ನು ಬಸ್ಸಿನ ಕಿಟಕಿಯಿಂದ ನೋಡಿ, "ಅದ್ಯಾವುದೋ ಬೆಟ್ಟ" ಎಂದು ಮುಂದೆ ಹೋಗುತ್ತಾರೆ. ಸುಮಾರು 3,700 ಅಡಿ ಎತ್ತರದ ಬೆಟ್ಟ, ಮಧುಗಿರಿಗಿಂತ ಒಂದಿಷ್ಟೇ ಗಿಡ್ಡ. ಹೀರೋನ ಪಕ್ಕ ನಿಂತ ಒಳ್ಳೆಯ ಪೋಷಕ ನಟನ ಪಾಡು ಅದರದ್ದು.

ಕೋಟೆ ಮಧುಗಿರಿಯ ಪಾಳೇಗಾರ ಗೌಡರ ಕಾಲದ್ದು. 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಮಧುಗಿರಿ ಸೀಮೆಯನ್ನು ಗೆದ್ದರು. ಆಮೇಲೆ ಮರಾಠರು, ಮತ್ತೆ ಮೈಸೂರಿನವರು, ಹೀಗೆ ಕೈಯಿಂದ ಕೈಗೆ ಹೋಯಿತು. ಹೈದರಾಲಿ 1763ರಲ್ಲಿ ಕೆಳದಿಯನ್ನು ಗೆದ್ದು ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಪಕ್ಕದ ಮಧುಗಿರಿಯಲ್ಲೇ. 1767ರಲ್ಲಿ ಮರಾಠರು ಬಂದು ಬಿಡಿಸುವ ತನಕ ಆಕೆ ಅಲ್ಲಿದ್ದಳು. ಮಲೆನಾಡಿನ ಮಳೆಯಲ್ಲಿ ಬೆಳೆದ ರಾಣಿಗೆ ಈ ಸೀಮೆಯ ಬಿಸಿಲು ಹೇಗೆ ತಡೆಯಿತೋ! ಯಾರಾದರೂ ಒಳ್ಳೆಯ ನಿರ್ದೇಶಕರು ಈ ಕಥೆ ಎತ್ತಿಕೊಂಡರೆ ಮೊದಲ ದಿನದ ಮೊದಲ ಷೋಗೆ ನಾನು ರೆಡಿ.

ಮೊದಲನೇ ಟ್ರಿಪ್ಪು ಏಪ್ರಿಲ್ ತಿಂಗಳಲ್ಲಿ. ಬುದ್ಧಿ ಇದ್ದವರು ಮಾಡುವ ಕೆಲಸವೇ? ಅದೂ ಶುಕ್ರವಾರ. ಕೊರಟಗೆರೆ ಕಡೆ ಶುಕ್ರವಾರ ಹೋಗುವ ಬಸ್ಸೆಂದರೆ ಗೊರವನಹಳ್ಳಿ ಮಹಾಲಕ್ಷ್ಮಿಯ ಭಕ್ತರಿಂದ ಗಿಜಿಗಿಜಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಧಾರಾಳವಾಗಿ ಓಡಾಡುತ್ತಿದ್ದಾರೆ. ಓಡಾಡಲಿ, ನಮ್ಮಮ್ಮನೂ ಅವರಲ್ಲೊಬ್ಬಳು. ನಾನು ಮಾತ್ರ ಫುಟ್‌ಬೋರ್ಡಿನ ಮೇಲೆ ಒಂದು ಕಾಲು, ಇನ್ನೊಬ್ಬರ ತೆಂಗಿನಕಾಯಿ ಚೀಲದ ಮೇಲೆ ಒಂದು ಕಾಲು ಇಟ್ಟು ಕೊರಟಗೆರೆ ಮುಟ್ಟಿದೆ. ಅಲ್ಲಿಂದ ಷೇರ್ ಆಟೋ. ದುರ್ಗದ ಊರಲ್ಲಿ ಇಳಿದಾಗ ಗಂಟೆ ಹತ್ತೂವರೆ, ಕೈಯಲ್ಲಿ ಒಂದೇ ಬಾಟಲಿ ನೀರು, ಕಾಲಲ್ಲಿ ನುಣುಪು ಅಟ್ಟೆಯ ಹೊಸ ಷೂ. ಹೀರೋ ಎಂಟ್ರಿಯೇನೋ ಜೋರಾಗಿಯೇ ಆಯಿತು!

ಊರ ಹಿಂದೆ ಪೊದೆ, ಲಂಟಾನ, ಸೀತಾಫಲದ ಗಿಡಗಳ ನಡುವೆ ದಾರಿ. ಆಮೇಲೆ ಒಡೆದ ಮೆಟ್ಟಿಲು, ಕೋಟೆ ಗೋಡೆ, ಅದನ್ನು ದಾಟಿದರೆ ಬರೀ ಬಂಡೆ. ಹನ್ನೊಂದರ ಬಿಸಿಲಿಗೆ ಆ ಬಂಡೆ ದೋಸೆ ಹೆಂಚು. ಇಳಿಜಾರಿನಲ್ಲಿ ಷೂ ಜಾರಿ ಅಂಗೈ ತರಚಿತು. ನೀರು ಅಲ್ಲಿಗೆ ಮುಗಿದಿತ್ತು. ಮೇಲೆ ನೋಡಿದೆ, ಇನ್ನೂ ಗೋಡೆ. ಕೆಳಗೆ ನೋಡಿದೆ, ತಲೆ ಸುತ್ತು. ಮೇಕೆ ಕಾಯುವ ಹುಡುಗನೊಬ್ಬ ಬರಿಗಾಲಲ್ಲಿ ಟಕಟಕ ಇಳಿದು ಬಂದವನು ನನ್ನ ಕಾಲು ನೋಡಿ, "ಅಣ್ಣ, ಅದ್ ಬಿಚ್ಚಿ ಕೈಯಾಗ್ ಇಟ್ಕೊಳಿ" ಅಂದ. ಬಿಚ್ಚಿದರೆ ಕಾಲು ಸುಡುತ್ತೆ, ಹಾಕಿದರೆ ಜಾರುತ್ತೆ. ಅರ್ಧದಲ್ಲೇ ವಾಪಸ್. ಮನೆಗೆ ಬಂದು "ಮೇಲಿನ ತನಕ ಹತ್ತಿದೆ" ಎಂದು ಸುಳ್ಳು ಹೇಳಿದೆ. ಲೆಕ್ಕದ ಪುಸ್ತಕದಲ್ಲಿ 'ಬ್ಯಾಂಡೇಜು' ಎಂದು ಬರೆದಿದ್ದರಿಂದ ಅಮ್ಮನಿಗೆ ನಿಜ ತಿಳಿಯಿತು.

ಅಪ್ಪ ಏನೂ ಕೇಳಲಿಲ್ಲ. ಅಪ್ಪನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವರು ಪ್ರೊಜೆಕ್ಟರ್ ಆಪರೇಟರ್. ಹದಿನೆಂಟನೇ ವಯಸ್ಸಿಗೆ ಟೂರಿಂಗ್ ಟಾಕೀಸಿಗೆ ಸೇರಿದವರು, ಆಮೇಲೆ ತುಮಕೂರಿನ ಒಂದು ಥಿಯೇಟರಿಗೆ ಬಂದರು. ಡಿಜಿಟಲ್ ಬಂದು ರೀಲು ನಿಂತಿತು, ಅಪ್ಪನ ಕೆಲಸವೂ ನಿಂತಿತು. ಈಗ ಮನೆ ಮುಂದೆ ಸಣ್ಣದೊಂದು ಚಿಲ್ಲರೆ ಅಂಗಡಿ. ಸಾವಿರಾರು ಷೋ ಓಡಿಸಿದ ಮನುಷ್ಯ ಸಿನಿಮಾದ ಬಗ್ಗೆ ಮಾತಾಡುವುದೇ ಇಲ್ಲ. ನನ್ನ ತಿರುಗಾಟದ ಬಗ್ಗೆಯೂ ಅಷ್ಟೆ, ಹೊಗಳಿಕೆಯಿಲ್ಲ, ಬೈಗುಳವಿಲ್ಲ. ಚೀಲ ಹಾಕಿಕೊಂಡು ಹೊರಟರೆ ತಲೆಯೆತ್ತಿ ನೋಡಿ, "ಕೊಡೆ ಇಟ್ಕೊಂಡ್ಯಾ?" ಎನ್ನುತ್ತಾರೆ. ಬೇಸಿಗೆಯಲ್ಲೂ ಅದೇ ಪ್ರಶ್ನೆ.

ಎರಡನೇ ಟ್ರಿಪ್ಪು ಡಿಸೆಂಬರಿನಲ್ಲಿ. ಈ ಸಲ ಮೂರು ಬಾಟಲಿ ನೀರು, ಕಳ್ಳೆಕಾಯಿ, ಬೆಲ್ಲ, ಒರಟು ಅಟ್ಟೆಯ ಹಳೇ ಷೂ. ಸೆಂಟು ಹಾಕಿರಲಿಲ್ಲ. ಕೋಟೆಗೆ ಹೋಗುವವರು ನೆನಪಿಡಿ, ಸೆಂಟಿನ ವಾಸನೆ ಹೆಜ್ಜೇನಿಗೆ ಆಗುವುದಿಲ್ಲ. ಬಂಡೆ ತಣ್ಣಗಿತ್ತು. ಗೋಡೆಯಿಂದ ಗೋಡೆಗೆ, ಬಾಗಿಲಿಂದ ಬಾಗಿಲಿಗೆ ಹತ್ತುತ್ತಾ ಹೋದೆ. ಮೇಲೆ ಬಿದ್ದುಹೋದ ಕಟ್ಟಡಗಳು, ಬಂಡೆಯ ದೊಣೆಯಲ್ಲಿ ಹಸಿರು ನೀರು, ಎದೆಯೆತ್ತರದ ಹುಲ್ಲು. ಅಷ್ಟೆ. ಟಿಕೆಟ್ ಕೌಂಟರ್ ಇಲ್ಲ, ಚುರುಮುರಿ ಗಾಡಿ ಇಲ್ಲ, "ಭಯ್ಯಾ ಒಂದು ಫೋಟೋ" ಎನ್ನುವವರಿಲ್ಲ. ಗಾಳಿ ಮಾತ್ರ ಹುಚ್ಚುಗಾಳಿ. ಕೆಳಗೆ ಹೊಲ, ಕೆರೆ, ಬೆಟ್ಟದ ಹಿಂದೆ ಬೆಟ್ಟ. ಒಂದು ಕಡೆ ಮಧುಗಿರಿ ಬೆಟ್ಟ ಆನೆ ಮಲಗಿದ ಹಾಗೆ. ಇನ್ನೂ ದೂರಕ್ಕೆ ನೀಲಿ ನೀಲಿ. ಪಾವಗಡ, ನಿಡಗಲ್ಲು, ಮಿಡಿಗೇಶಿ, ಎಲ್ಲ ದುರ್ಗಗಳೂ ಆ ನೀಲಿಯಲ್ಲೇ ಎಲ್ಲೋ ಇವೆ ಅಂದುಕೊಂಡೆ. ಒಬ್ಬನೇ ಕೂತು ಕಳ್ಳೆಕಾಯಿ ತಿಂದೆ. ಬಸ್ ಸ್ಟ್ಯಾಂಡಿನವರ "ಮತ್ಯಾಕ್ರೀ ಹೋಗ್ತೀರಾ?" ಪ್ರಶ್ನೆಗೆ ಉತ್ತರ ಅಲ್ಲೇ ನಾಲಿಗೆಯ ತುದಿಯಲ್ಲಿತ್ತು. ಕೆಳಗಿಳಿಯುವಾಗ ಮರೆತುಹೋಯಿತು.

ಮರೆತದ್ದು ಅದೊಂದೇ ಅಲ್ಲ, ಡಿಸೆಂಬರಿನಲ್ಲಿ ಆರಕ್ಕೆಲ್ಲ ಕತ್ತಲಾಗುತ್ತೆ ಅನ್ನುವುದನ್ನೂ ಮರೆತಿದ್ದೆ. ದಾರಿ ತಪ್ಪಿ ಪೊದೆಯಲ್ಲಿ ಮುಕ್ಕಾಲು ಗಂಟೆ ತಿರುಗಿದೆ. ಈ ಸೀಮೆಯ ಬೆಟ್ಟಗಳಲ್ಲಿ ಚಿರತೆ, ಕರಡಿ ಎರಡೂ ಉಂಟು. ಪ್ರತಿ ಬಂಡೆಯೂ ಕರಡಿಯ ಹಾಗೇ ಕಂಡಿತು. ಅಂತೂ ಊರಿನ ದೀಪ ನೋಡಿಕೊಂಡು ಇಳಿದರೆ ಬಸ್ಸೂ ಹೋಗಿತ್ತು, ಆಟೋನೂ ಇರಲಿಲ್ಲ. ಫೋನಿನ ಬ್ಯಾಟರಿ ಫೋಟೋ ತೆಗೆದು ತೆಗೆದು ಸತ್ತಿತ್ತು.

ಜಗಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಯಾವೂರಪ್ಪ ನಿಂದು? ಈಟೊತ್ನಲ್ಲಿ ಎತ್ಲಾಗ್ ಹೋಯ್ತೀಯ? ಬಾ ಕೂತ್ಕ" ಅಂದರು. ಕಾಲು ತೊಳೆಯಲು ನೀರು ಕೊಟ್ಟರು. ಬಿಸಿ ಮುದ್ದೆ, ಅವರೆಕಾಳಿನ ಸಾರು. ನನ್ನ ಲೆಕ್ಕದ ಪುಸ್ತಕದಲ್ಲಿ ಎಷ್ಟೋ ಹೋಟೆಲುಗಳ ಊಟದ ಬಿಲ್ಲು ಇದೆ, ಆ ಊಟದ ರುಚಿ ಯಾವುದಕ್ಕೂ ಇರಲಿಲ್ಲ. ಅಜ್ಜಿಯ ಮೊಮ್ಮಗ, ಹೈಸ್ಕೂಲು ಹುಡುಗ, "ಅಣ್ಣ, ಚಾರ್ಜರ್ ಕೊಡ್ಲಾ?" ಅಂದ.

ಇಲ್ಲಿ ನಾನು ನಿಜ ಹೇಳಬೇಕು. "ಬೇಡ ಕಣೋ, ಒಂದ್ ರಾತ್ರಿ ಫೋನಿಲ್ದೆ ಇರ್ತೀನಿ" ಅಂದೆ. ಸ್ಟೈಲು! ಸಿನಿಮಾದ ಡೈಲಾಗಿನ ಹಾಗೆ ಹೇಳಿದೆ. ಮನೆಗೆ ಒಂದು ಮಾತು ತಿಳಿಸಲು ಆ ಹುಡುಗನ ಫೋನನ್ನೂ ಕೇಳಲಿಲ್ಲ. ಅಮ್ಮನಿಗೆ ಅಭ್ಯಾಸವಿದೆ, ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಜಗಲಿಯ ಮೇಲೆ ಚಾಪೆ, ಕಂಬಳಿ. ಮೇಲೆ ಬೆಟ್ಟದ ಕಪ್ಪು ಆಕಾರ, ಅದರ ತಲೆಯ ಮೇಲೆ ಜರಿ ಚೆಲ್ಲಿದ ಹಾಗೆ ನಕ್ಷತ್ರ. ಎಂಟು ವರ್ಷದ ತಿರುಗಾಟದಲ್ಲಿ ಅಷ್ಟು ಸುಖವಾಗಿ ನಾನು ಎಲ್ಲೂ ಮಲಗಿಲ್ಲ.

ಬೆಳಿಗ್ಗೆ ಕೊರಟಗೆರೆಯ ಟೀ ಅಂಗಡಿಯಲ್ಲಿ ಫೋನ್ ಚಾರ್ಜಿಗೆ ಹಾಕಿದೆ. ಹತ್ತೊಂಬತ್ತು ಮಿಸ್ಡ್ ಕಾಲ್ ಮೆಸೇಜು. ಅಮ್ಮ, ಅಮ್ಮ, ಅಮ್ಮ, ಪಕ್ಕದ ಮನೆಯವರು, ಮತ್ತೆ ಅಮ್ಮ. ರಾತ್ರಿ ಎಂಟೂಕಾಲಿಗೆ, ನಾನು ಮುದ್ದೆ ಮುರಿಯುತ್ತಿದ್ದ ಹೊತ್ತಿಗೆ, ಅಪ್ಪನಿಗೆ ಅಂಗಡಿಯಲ್ಲೇ ಎದೆನೋವು ಬಂದು ಕುಸಿದಿದ್ದರು. ಪಕ್ಕದ ಮನೆ ಹುಡುಗ ಸ್ಕೂಟರಿನಲ್ಲಿ ನಡುವೆ ಕೂರಿಸಿಕೊಂಡು ಹೋಗಿದ್ದ, ಹಿಂದೆ ಅಮ್ಮ ಹಿಡಿದುಕೊಂಡು. ಸಹಿ ಹಾಕಲು ಮಗ ಎಲ್ಲಿ ಎಂದು ಆಸ್ಪತ್ರೆಯವರು ಕೇಳಿದರಂತೆ. ಅಮ್ಮ ಏನು ಹೇಳಿದಳೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಕೊರಟಗೆರೆಯಿಂದ ತುಮಕೂರಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಅವತ್ತು ಆ ದಾರಿ ಮುಗಿಯಲೇ ಇಲ್ಲ. ಪ್ರತಿ ಸ್ಟಾಪಿನಲ್ಲೂ ಬಸ್ ನಿಂತಿತು, ಪ್ರತಿ ಸ್ಟಾಪಿನಲ್ಲೂ ಯಾರೋ ಅವಸರವಿಲ್ಲದೆ ಹತ್ತಿದರು. ಬೇರೆ ದಿನವಾಗಿದ್ದರೆ ಅದೇ ನಿಧಾನವನ್ನು ಹೊಗಳಿ ಒಂದು ಪ್ಯಾರಾ ಬರೆಯುತ್ತಿದ್ದೆ.

ಅಪ್ಪ ಉಳಿದುಕೊಂಡರು. ವಾರ್ಡಿನಲ್ಲಿ ನಾನು ಹೋಗಿ ನಿಂತಾಗ ಮೂಗಿಗೆ ಪೈಪು, ಕಣ್ಣು ಮುಚ್ಚಿದ್ದವು. ಅಮ್ಮ ನನ್ನ ಮುಖ ನೋಡಲಿಲ್ಲ, ನನ್ನ ಷೂ ನೋಡಿದಳು. ಅದಕ್ಕೆ ಮೆತ್ತಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಬಗ್ಗಿ ಒಂದೊಂದಾಗಿ ಕಿತ್ತು ಬಿಸಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೇ ದಿನ ಅಪ್ಪ ಮಾತಾಡಿದರು.

"ಎಲ್ಲಿಗೆ ಹೋಗಿದ್ದೆ?"

"ಚನ್ನರಾಯನದುರ್ಗ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರ್ ಮುಂದೆ ಹುಣಸೆಮರ ಇತ್ತು. ಐತಾ?" ಅಂದರು.

ನನಗೆ ದಿಗಿಲಾಯಿತು. ಔಷಧದ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಬಿಡಿಬಿಡಿಯಾಗಿ ಕಥೆ ಬಂತು. ಎಂಬತ್ತರ ದಶಕದ ಶುರುವಿನಲ್ಲಿ ಅವರ ಟೂರಿಂಗ್ ಟಾಕೀಸಿನ ಟೆಂಟು ಆ ಬೆಟ್ಟದ ಬುಡದಲ್ಲಿ ಆರು ತಿಂಗಳು ಬಿದ್ದಿತ್ತಂತೆ. ಒಂದೇ ಪ್ರೊಜೆಕ್ಟರು, ಕಾರ್ಬನ್ ಕಡ್ಡಿಯ ಬೆಳಕು, ರೀಲು ಬದಲಾಯಿಸುವಾಗೆಲ್ಲ ಇಂಟರ್‌ವೆಲ್ಲು. ಸಂಜೆಯಾದರೆ ಲೌಡ್ ಸ್ಪೀಕರಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು. ಅದು ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತಿತ್ತಂತೆ. ಹಾಡು ಕೇಳಿಸಿತೆಂದರೆ ಸುತ್ತಲ ಹಳ್ಳಿಯವರು ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದರು. 'ಬಂಗಾರದ ಮನುಷ್ಯ' ಹಾಕಿದ ವಾರ ನೆಲದಲ್ಲಿ ಕೂರಲು ಜಾಗ ಸಾಲದೆ ಟೆಂಟಿನ ಪರದೆ ಎತ್ತಿ ಕಟ್ಟಿದ್ದರಂತೆ.

"ಬೆಟ್ಟ ಹತ್ತಿದ್ರಾ?" ಕೇಳಿದೆ.

"ಎಲ್ಲಿ? ರಾತ್ರಿ ಎರಡು ಷೋ. ಬೆಳಿಗ್ಗೆ ನಿದ್ದೆ. ಮಧ್ಯಾಹ್ನ ಎದ್ದು ರೀಲಿನ ಪೆಟ್ಟಿಗೆ ಬಂತಾ ಅಂತ ಬಸ್ ಕಾಯೋದು. ದಿನಾ ನೋಡ್ತಿದ್ದೆ, ನಾಳೆ ಹತ್ತಾಣ ಅಂತ. ಅಷ್ಟೊತ್ಗೆ ಟೆಂಟ್ ಬಿಚ್ಚಿದ್ರು."

ನಮ್ಮ ಜಿಲ್ಲೆಗೆ ಊರೂರು ತಿರುಗುವುದು ಹೊಸದೇನಲ್ಲ. ಗುಬ್ಬಿ ಕಂಪನಿ ನಮ್ಮದೇ. ವೀರಣ್ಣನವರು ನಾಡೆಲ್ಲ ಕ್ಯಾಂಪು ಹಾಕಿದರು. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಚಿಕ್ಕಂದಿನಲ್ಲೇ ನಾಟಕದ ಕಂಪನಿಗಳ ಹಿಂದೆ ಹೊರಟವರು. ರಾಜ್‌ಕುಮಾರರೂ ಹುಡುಗರಾಗಿದ್ದಾಗ ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲಿ ಊರೂರು ಅಲೆದವರೇ. ಅವರಿಗೆಲ್ಲ ಅದು ಹೊಟ್ಟೆಪಾಡು. ಅಪ್ಪನಿಗೂ ಅಷ್ಟೆ. ಖುಷಿಗೆ ತಿರುಗುವವನು ನಮ್ಮ ವಂಶದಲ್ಲಿ ನಾನೇ ಮೊದಲು.

ಆಮೇಲೆ ಹತ್ತು ತಿಂಗಳು ನಾನು ಎಲ್ಲೂ ಹೋಗಲಿಲ್ಲ. ಅಂಗಡಿಯಲ್ಲಿ ಕೂತೆ, ಸೋಪು ಮಾರಿದೆ. ಸ್ನೇಹಿತರು ಕರೆದರೆ ಅಪ್ಪನ ಆರೋಗ್ಯದ ಕಾರಣ ಹೇಳುತ್ತಿದ್ದೆ. ಆ ಮಾತು ಒಳಗೆ ಕೂತಿದ್ದ ಅಪ್ಪನಿಗೂ ಕೇಳಿಸುತ್ತಿತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ. ಒಂದು ದಿನ ಅಕ್ಕಿ ತೂಗುತ್ತಾ, "ನನ್ ಹೆಸರು ಹೇಳ್ಕೊಂಡ್ ಮನೇಲಿ ಕೂರಬ್ಯಾಡ. ದುರ್ಗಕ್ಕೆ ಹೋಗಾಣ ನಡಿ" ಅಂದರು. ಡಾಕ್ಟರನ್ನು ಕೇಳಿದೆ. "ಬಸ್ಸಲ್ಲಿ ಹೋಗಿ ಬರಲಿ, ಬೆಟ್ಟ ಹತ್ತೋ ಹಾಗಿಲ್ಲ" ಅಂದರು. ಅಮ್ಮ ಕೊಡೆ ಕೊಟ್ಟಳು. ಎರಡು ಕೊಡೆ.

ಮೂರನೇ ಟ್ರಿಪ್ಪು ಮಳೆಗಾಲ ಮುಗಿದ ಮೇಲೆ, ಬುಧವಾರ, ಬಸ್ ಖಾಲಿ. ಅಪ್ಪನಿಗೆ ಕಿಟಕಿ ಸೀಟು. ದಾರಿಯುದ್ದಕ್ಕೂ ಯಾವ ಊರಲ್ಲಿ ಯಾವ ಪಿಕ್ಚರು ಎಷ್ಟು ದಿನ ಓಡಿತು ಎಂದು ಹೇಳುತ್ತಲೇ ಬಂದರು. ಇಷ್ಟು ವರ್ಷದಲ್ಲಿ ಆಡದ ಮಾತೆಲ್ಲ ಆ ಒಂದು ಗಂಟೆಯಲ್ಲಿ ಆಡಿದರು. ದುರ್ಗದಲ್ಲಿ ಇಳಿದರೆ ಹುಣಸೆಮರವೇ ಇಲ್ಲ. ಅಲ್ಲೊಂದು ಆರ್‌ಸಿಸಿ ಮನೆ. ಅಪ್ಪ ಸ್ವಲ್ಪ ಹೊತ್ತು ದಿಕ್ಕು ನೋಡಿಕೊಂಡರು. ಬೆಟ್ಟ ನೋಡಿ, ಎರಡು ಹೆಜ್ಜೆ ಎಡಕ್ಕೆ ಸರಿದು, "ಇಲ್ಲಿ ಸ್ಕ್ರೀನು" ಅಂದರು. ಮೂವತ್ತು ಹೆಜ್ಜೆ ನಡೆದು, "ಇಲ್ಲಿ ನಾನು." ಅಲ್ಲೀಗ ಹುಲ್ಲಿನ ಬಣವೆ ಇದೆ. ಪಕ್ಕದ ಮನೆಯಿಂದ ಒಬ್ಬ ಮುದುಕಪ್ಪ ಎದ್ದು ಬಂದು, "ಟೆಂಟಿನ ಆಪರೇಟ್ರಾ ನೀವು? ಕಂಬದ ಹಿಂದಿನಿಂದ ನುಸುಳಿ ಬತ್ತಿದ್ವಲ್ಲ, ನೀವೇ ಅಲ್ವಾ ಓಡುಸ್ಕಂಡ್ ಬಂದಿದ್ದು!" ಅಂದ. ಇಬ್ಬರೂ ಕೈಕೈ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಅಜ್ಜಿಯ ಮನೆಗೆ ಹೋದೆವು. ಅಜ್ಜಿಗೆ ಕಣ್ಣು ಮಂಜಾಗಿದೆ. ಆದರೂ ನನ್ನ ದನಿಯಲ್ಲೇ ಗುರುತು ಹಿಡಿದು, "ಫೋನ್ ಬ್ಯಾಡ ಅಂದ ಹುಡ್ಗ" ಅಂದರು. ಅಪ್ಪ ನನ್ನ ಕಡೆ ನೋಡಿದರು. ನಾನು ಬೆಟ್ಟದ ಕಡೆ ನೋಡಿದೆ.

ಅಷ್ಟರಲ್ಲಿ ಬೈಕಿನಲ್ಲಿ ಬಂದಿದ್ದ ನಾಲ್ಕು ಹುಡುಗರು ಕೋಟೆ ಗೋಡೆಯ ಹತ್ತಿರ ಕುಣಿಯುತ್ತಿದ್ದರು. ಹಾಡು ಕೆಳಗಿನ ತನಕ ಕೇಳಿಸುತ್ತಿತ್ತು.

"ಏನ್ ಮಾಡ್ತವ್ರೆ?"

"ರೀಲ್ಸು."

"ಎಷ್ಟು? ಸಾವಿರ ಅಡೀದಾ?"

ಅಪ್ಪ ಜೋಕ್ ಮಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಜೋಕೇ ಇರಬೇಕು, ಖಾತ್ರಿಯಿಲ್ಲ.

"ನೀನ್ ಹತ್ತು. ನಾನ್ ಇಲ್ಲೇ ಕೂತಿರ್ತೀನಿ. ಮೊದಲನೇ ಬಾಗಿಲಲ್ಲಿ ನಿಂತ್ಕೊಂಡ್ ಕೈ ಎತ್ತು, ಕಾಣ್ತಿಯೇನೋ ನೋಡಾಣ" ಅಂದರು. ಫೋನು ಫುಲ್ ಚಾರ್ಜಿತ್ತು. ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಹತ್ತಿದೆ. ಬಾಗಿಲಿನ ಹತ್ತಿರ ತಿರುಗಿ ನಿಂತರೆ ಕೆಳಗೆ ಜಗಲಿಯ ಮೇಲೆ ಬಿಳಿ ಅಂಗಿಯ ಚುಕ್ಕೆ. ಕೈ ಎತ್ತಿದೆ. ಚುಕ್ಕೆ ಎದ್ದು ನಿಂತಿತು. ಅಪ್ಪ ಕೊಡೆ ಬಿಚ್ಚಿ ಎತ್ತಿ ಹಿಡಿದು ಆಡಿಸುತ್ತಿದ್ದರು. ಮೇಲಿನ ತನಕ ಹೋಗಲು ಮನಸ್ಸಾಗಲಿಲ್ಲ, ಇಳಿದುಬಿಟ್ಟೆ.

ಸಂಜೆಯ ಬಸ್ ಹೊತ್ತಿಗೆ ಸರಿಯಾಗಿ ಬಂತು. ಟಿಕೆಟ್ ದುಡ್ಡು ತೆಗೆಯಲು ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಕಂಡಕ್ಟರಿಗೆ ನೋಟು ಕೊಟ್ಟು, "ತುಮಕೂರು ಎರಡು" ಅಂದರು. ಚಿಲ್ಲರೆ ಎಣಿಸಿ ಜೇಬಿಗೆ ಹಾಕಿಕೊಂಡು, ಕಿಟಕಿಯಿಂದ ಬೆಟ್ಟ ಮರೆಯಾಗುವವರೆಗೆ ನೋಡಿ, ಆಮೇಲೆ ಕೇಳಿದರು:

"ಆ ಇನ್ನೊಂದು... ಪಾವಗಡದ ಕಡೆ ನಿಡಗಲ್ಲು ಅಂತ ಇದ್ಯಲ್ಲ, ಅಲ್ಲಿಗೆ ಬಸ್ ಎಷ್ಟೊತ್ತಿಗೆ?"